ಇಪ್ಪತ್ತು ನಿಮಿಷ ಹೆಚ್ಚಿಗೆ

ಹದಿಮೂರು ಸಾವಿರದ ನೂರಿಪ್ಪತ್ತು ಕಿಲೋಮೀಟರ್. ಇಲ್ಲಿಂದ ಹೋಗುವಾಗ ಹದಿನೈದು ಗಂಟೆ ನಲವತ್ತು ನಿಮಿಷ, ಅಲ್ಲಿಂದ ಬರುವಾಗ ಹದಿಮೂರು ಗಂಟೆ ಐವತ್ತು. ದೂರ ಅಷ್ಟೇ, ಆಕಾಶವೂ ಅದೇ. ಹೋಗುವಾಗ ಗಾಳಿ ಎದೆಗೆ ಕೈಯೊಡ್ಡಿ ತಡೆಯುತ್ತದೆ, ಬರುವಾಗ ಬೆನ್ನಿಗೆ ಕೈಯಿಟ್ಟು ದೂಡುತ್ತದೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವಳು ಇಷ್ಟನ್ನು ತಡವರಿಸದೆ ಹೇಳುತ್ತಿದ್ದಳು.

ವಿಮಾನ ನಿಲ್ದಾಣದ ಎರಡನೇ ಮಹಡಿಯಲ್ಲಿ, ರನ್‌ವೇ ಕಡೆ ಕಿಟಕಿ ಇರುವ ಕೋಣೆಯಲ್ಲಿ ಅವಳ ಕೆಲಸ. ವಿಮಾನ ಹೊರಡುವ ನಾಲ್ಕು ಗಂಟೆ ಮೊದಲು ಗಾಳಿಯ ನಕ್ಷೆ ಮುಂದಿಟ್ಟುಕೊಂಡು, ಯಾವ ದಾರಿ, ಯಾವ ಎತ್ತರ, ಎಷ್ಟು ಇಂಧನ, ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ ಕ್ಯಾಪ್ಟನ್‌ಗೆ ಪ್ಲ್ಯಾನ್ ಕಳಿಸಬೇಕು. ಅವಳು ಹಾಕಿದ ಪ್ಲ್ಯಾನ್ ಮೂರು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆಫೀಸಿನಲ್ಲಿ ಯಾರೋ ಅಣಕಕ್ಕೆ ನಿಮಿಷಮ್ಮ ಎಂದು ಹೆಸರಿಟ್ಟಿದ್ದರು. ಅವಳು ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಳು.

ಮೂರು ವರ್ಷದ ಹಿಂದೆ ಈ ನೇರ ವಿಮಾನ ಶುರುವಾದಾಗ ಆ ಕಡೆಯ ನಿಲ್ದಾಣದಲ್ಲಿ ವಾಪಸ್ ಪ್ರಯಾಣದ ಪ್ಲ್ಯಾನ್ ಹಾಕುತ್ತಿದ್ದವನ ಜೊತೆ ಮೊದಲ ಸಲ ಫೋನಿನಲ್ಲಿ ಮಾತಾಡಿದ್ದು. ಮಾತೆಂದರೆ ಜಗಳವೇ. ನಿಯಮದ ಪ್ರಕಾರ ಇರಬೇಕಾದ ಇಂಧನವೆಲ್ಲ ಇದ್ದ ಮೇಲೂ ಅವನು ಇಪ್ಪತ್ತು ನಿಮಿಷದಷ್ಟು ಹೆಚ್ಚಿಗೆ ಸೇರಿಸಿದ್ದ. ಯಾಕೆ ಎಂದು ಇವಳು ಕಚೇರಿಯ ಭಾಷೆಯಲ್ಲಿ ಕೇಳಿದಳು. ಅವನೂ ಕಚೇರಿಯ ಭಾಷೆಯಲ್ಲೇ ವಿನಯವಾಗಿ ವಿವರಿಸಿದ. ಆಮೇಲೆ ಫೋನು ಇಟ್ಟೆನೆಂದುಕೊಂಡು ಪಕ್ಕಕ್ಕೆ ತಿರುಗಿ ಮನೆಮಾತಿನಲ್ಲಿ ಗೊಣಗಿದ. "ಪುಣ್ಯಾತ್ಗಿತ್ತಿ, ಉಸಿರಾಡೋದನ್ನೂ ಎಣಿಸ್ತಾಳೋ ಏನೋ."

ಅದು ಅವಳ ಮನೆಮಾತೂ ಆಗಿತ್ತು.

"ಎಣಿಸ್ತೀನಿ," ಅಂದಳು. "ನಿಮಿಷಕ್ಕೆ ಹದಿನಾರು. ನಿಮ್ಮಂಥವರ ಜೊತೆ ಮಾತಾಡುವಾಗ ಇಪ್ಪತ್ತು."

ಆ ಕಡೆ ಸದ್ದಡಗಿತು. ಅಷ್ಟು ದೂರದಿಂದ ಬಂದ ಮೌನವನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಆಮೇಲೆ ಅವನು ನಕ್ಕ. ಬಾಯಿ ಮುಚ್ಚಿಕೊಂಡು ನಗುವವನ ನಗು.

ಆವತ್ತಿನಿಂದ ಅವಳ ಫೋನಿನಲ್ಲಿ ಅವನ ಹೆಸರು 'ಆ ಕಡೆ'. ತುಂಬ ದಿನದ ಮೇಲೆ ಗೊತ್ತಾಯಿತು, ಅವನ ಫೋನಿನಲ್ಲಿ ಅವಳ ಹೆಸರೂ ಅದೇ.

ಇಪ್ಪತ್ತು ನಿಮಿಷದ ಜಗಳ ಮಾತ್ರ ನಿಲ್ಲಲಿಲ್ಲ. ಅವಳ ವಾದ ಗಟ್ಟಿಯಾಗಿತ್ತು. ಇಷ್ಟು ದೂರದ ಪ್ರಯಾಣದಲ್ಲಿ ಸಾವಿರ ಕಿಲೋ ಇಂಧನ ಹೆಚ್ಚಿಗೆ ಹೊತ್ತರೆ, ಅದರಲ್ಲಿ ಮೂರನೇ ಒಂದು ಪಾಲು ಆ ಭಾರ ಹೊರುವುದಕ್ಕೇ ಉರಿದುಹೋಗುತ್ತದೆ. ಬೇಡದ್ದನ್ನು ಹೊತ್ತು, ಹೊತ್ತದ್ದಕ್ಕಾಗಿ ಸುಟ್ಟುಕೊಳ್ಳುವುದು ಯಾವ ಜಾಣತನ ಎಂದು ಕೇಳುತ್ತಿದ್ದಳು. ಅವನು ವಾದ ಮಾಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ತಾನು ಲೆಕ್ಕ ಹಾಕಿದ ವಿಮಾನವೊಂದು ಮಂಜಿನಲ್ಲಿ ಇಳಿಯಲಾಗದೆ ಹದಿನೆಂಟು ನಿಮಿಷ ಸುತ್ತು ಹೊಡೆದಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಹದಿನೆಂಟು ನಿಮಿಷ ತಾನು ಪರದೆಯ ಮುಂದೆ ಹೇಗೆ ನಿಂತಿದ್ದೆ ಎಂಬುದನ್ನು ಅವನು ಒಂದೇ ಸಲ ಹೇಳಿದ್ದ, ಅದೂ ಅರ್ಧಕ್ಕೆ ನಿಲ್ಲಿಸಿದ್ದ. ಅವಳು ಒತ್ತಾಯಿಸಿ ಕೇಳಲಿಲ್ಲ. ಆವತ್ತು ಇಬ್ಬರೂ ಫೋನು ಇಡದೆ ಸುಮ್ಮನೆ ಕೂತಿದ್ದರು. ಅವನ ಕುರ್ಚಿಯ ಕಿರುಗುಟ್ಟು, ಯಾವುದೋ ಪ್ರಿಂಟರಿನ ಸದ್ದು, ಮತ್ತೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಕೇಳಿಸಿಕೊಂಡಳು.

ಫೋಟೋ ಮಾತ್ರ ಇಬ್ಬರೂ ಕಳಿಸಲಿಲ್ಲ. ಅವನು ಒಮ್ಮೆ ಕೇಳಿದ್ದ. "ಮುಖ ನೋಡಿ ದಾರಿ ಹಾಕ್ತೀರಾ?" ಅಂದಿದ್ದಳು. ಅವನು ಮತ್ತೆ ಕೇಳಲಿಲ್ಲ. ಅವನಿಗೂ ಹಮ್ಮು ಕಮ್ಮಿಯೇನಿರಲಿಲ್ಲ.

ಅವಳ ಹಮ್ಮು ಅಮ್ಮನಿಂದ ಬಂದದ್ದು. ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ನು, ಬಟ್ಟೆಯ ರಾಶಿ, ಆಳೆತ್ತರದ ಕನ್ನಡಿ. ಕನ್ನಡಿ ಪಕ್ಕದ ಗೂಡಿನಲ್ಲಿ ಮಗಳಿಗೆ ಶಾಲೆಯಲ್ಲಿ ಬಹುಮಾನ ಬಂದ ಭೂಗೋಳ. ನೇರ ವಿಮಾನ ಶುರುವಾದ ದಿನ ಅಮ್ಮ ಅದರ ಮೇಲೆ ಎರಡು ಗುಂಡುಸೂಜಿ ಚುಚ್ಚಿ ನಡುವೆ ಕೆಂಪು ದಾರ ಬಿಗಿದಿದ್ದಳು. ಅಳತೆ ಕೊಡಲು ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, "ನಾನು ಬಟ್ಟೆ ಅಳೀತೀನಿ, ನನ್ನ ಮಗಳು ಭೂಮಿ ಅಳೀತಾಳೆ," ಅನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಯಾರ ಮನೆ ಬಾಗಿಲಿಗೂ ಹೋಗದೆ, ಒಂದು ಸೂಜಿಯಲ್ಲಿ ಮಗಳನ್ನು ಇಷ್ಟು ಮಾಡಿದವಳು. ಕೈ ಚಾಚಿ ಕೇಳಬಾರದು ಎಂಬುದು ಆ ಮನೆಯಲ್ಲಿ ಹೇಳಿಕೊಟ್ಟ ಮೊದಲ ಪಾಠ. ಮಗಳು ಅದನ್ನು ಚೆನ್ನಾಗಿಯೇ ಕಲಿತಿದ್ದಳು. ಚೆನ್ನಾಗಿ ಅನ್ನುವುದಕ್ಕಿಂತ ಸ್ವಲ್ಪ ಹೆಚ್ಚಿಗೇ.

ಕಳೆದ ತಿಂಗಳು ಅವನು ಒಂದು ಸುದ್ದಿ ಹೇಳಿದ. ಅವನ ಕಡೆ ಮುಖ್ಯಸ್ಥನ ಕುರ್ಚಿ ಅವನಿಗೆ ಬಂದಿತ್ತು. ಒಪ್ಪಿಕೊಂಡರೆ ಐದು ವರ್ಷ ಅಲ್ಲಿಂದ ಕದಲುವ ಹಾಗಿಲ್ಲ. ಎರಡು ವಾರ ಬಿಟ್ಟು ಬರುವ ಸೋಮವಾರದೊಳಗೆ ಉತ್ತರ ಕೊಡಬೇಕಾದ ಆ ವಿಷಯವನ್ನು ಅವನು ಗಾಳಿಯ ವೇಗ ಓದಿದ ಹಾಗೆ ಓದಿ ಮುಗಿಸಿದ. ಆಮೇಲೆ, ನಿಮ್ಮ ಕಡೆಯೂ ಒಂದು ಜಾಗ ಖಾಲಿ ಆಗ್ತಿದೆಯಂತಲ್ಲ ಎಂದು ಕೇಳಿದ. ಹೌದು, ಹಿರಿಯರೊಬ್ಬರು ನಿವೃತ್ತರಾಗ್ತಿದಾರೆ, ಅರ್ಜಿಗೆ ಅದೇ ಸೋಮವಾರ ಕೊನೆ ಎಂದು ಇವಳೂ ಓದಿದಳು.

"ನೀವು ಹಾಕಿ ಅಂದ್ರೆ ಹಾಕ್ತೀನಿ," ಅಂದ.

ಒಂದು ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಬೆನ್ನು ತಾನಾಗಿ ನೆಟ್ಟಗಾಯಿತು.

"ನಾನು ಯಾರನ್ನೂ ಕೇಳಿಕೊಳ್ಳೋಳಲ್ಲ. ಬರೋರು ತಮ್ಮ ಮನಸ್ಸಿಂದ ಬರಲಿ."

"ಕರೆಯದ ಮನೆಗೆ ನಾನೂ ಹೋಗೋನಲ್ಲ."

ಆಮೇಲಿನ ಮೌನ ಮೊದಲಿನವುಗಳ ಹಾಗಿರಲಿಲ್ಲ. ಅದರಲ್ಲಿ ಕುರ್ಚಿ ಕೂಡ ಕಿರುಗುಟ್ಟಲಿಲ್ಲ.

ಹತ್ತು ದಿನ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಹನ್ನೊಂದನೇ ದಿನ ಅವನು ಬರೆದ: ರಜೆ ಹಾಕಿದ್ದೇನೆ. ಶುಕ್ರವಾರದ ವಿಮಾನದಲ್ಲಿ ಹೊರಟು ಶನಿವಾರ ಬೆಳಿಗ್ಗೆ ಅಲ್ಲಿರುತ್ತೇನೆ. ಕೆಲಸಕ್ಕಲ್ಲ, ಸುಮ್ಮನೆ ನೋಡಿಕೊಂಡು ಹೋಗುವುದಕ್ಕೆ. ನಾನು ಕೂರುವ ವಿಮಾನಕ್ಕೆ ನಾನೇ ಪ್ಲ್ಯಾನ್ ಹಾಕುವಂತಿಲ್ಲ, ಆವತ್ತಿನದು ನಿಮ್ಮ ಪಾಲಿಗೆ ಬರುತ್ತದೆ. ಒಂದು ಹನಿಯೂ ಹೆಚ್ಚಿಗೆ ಇರುವುದಿಲ್ಲ ಅಂತ ಗೊತ್ತು.

ಕೊನೆಯ ಸಾಲನ್ನು ಅವಳು ನಾಲ್ಕು ಸಲ ಓದಿದಳು. ಅದು ಕೀಟಲೆಯೋ, ದೂರೋ, ನಿರ್ಧಾರ ಮಾಡಲಾಗಲಿಲ್ಲ.

ಗುರುವಾರ ಸಂಜೆ ಮನೆಗೆ ಬಂದಾಗ ಅಮ್ಮ ಯಾರದೋ ಹಳೆಯ ಕೋಟಿನ ಹೊಲಿಗೆ ಬಿಚ್ಚುತ್ತಿದ್ದಳು. ಆರು ವರ್ಷದ ಹಿಂದೆ ಅವಳೇ ಹೊಲಿದ ಕೋಟು. ತೊಟ್ಟವರು ಈಗ ದಪ್ಪಗಾಗಿದ್ದರು. ಒಳಗೆ ಮಡಿಸಿಟ್ಟ ಅಂಚಿನ ಬಟ್ಟೆ ಬೆಳಕೇ ಕಾಣದೆ ಹೊಸದರ ಹಾಗೆ ಮಿರುಗುತ್ತಿತ್ತು. ಮಗಳ ಮುಖ ನೋಡಿ ಅಮ್ಮ ಏನೂ ಕೇಳಲಿಲ್ಲ. ಮಗಳೇ ಹೇಳಿದಳು, ಬಾಗಿಲಿಗೆ ಒರಗಿಕೊಂಡು, ಬೇರೆ ಯಾರದೋ ಕಥೆ ಹೇಳಿದ ಹಾಗೆ. ಅಮ್ಮ ಬ್ಲೇಡು ಕೆಳಗಿಟ್ಟು ಪೂರ್ತಿ ಕೇಳಿದಳು.

"ಹದಿಮೂರು ಸಾವಿರ ಕಿಲೋಮೀಟರ್ ಅಳೆದು ಕೊಡ್ತೀಯ. ಒಂದು ಮಾತು ಅಳೆದು ಕೊಡೋಕೆ ಬರಲ್ವಾ?"

"ಕೇಳಬಾರದು ಅಂತ ನೀನೇ ಹೇಳಿಕೊಟ್ಟೆ."

"ಇನ್ನೊಬ್ಬರದ್ದನ್ನ ಕೇಳಬೇಡ ಅಂದಿದ್ದೆ," ಅಂದಳು ಅಮ್ಮ, ಕೋಟಿನ ಅಂಚನ್ನು ಬೆರಳಲ್ಲಿ ಸವರುತ್ತ. "ನಿಂದನ್ನೇ ಕೇಳೋಕೆ ಯಾರಪ್ಪಣೆ ಬೇಕು?"

ಅಮ್ಮ ಮತ್ತೆ ಹೊಲಿಗೆ ಬಿಚ್ಚತೊಡಗಿದಳು. ಅಂಚು ಬಿಡದೆ ಹೊಲಿದದ್ದು ಕನ್ನಡಿ ಮುಂದೆ ನಿಂತಾಗ ಮಾತ್ರ ಚೆಂದ, ಕೂತರೆ ಬಿರಿಯುತ್ತೆ ಎಂದು ಕೋಟಿಗೆ ಹೇಳಿದಳೋ ಮಗಳಿಗೆ ಹೇಳಿದಳೋ.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಅವಳು ಪ್ಲ್ಯಾನ್ ಹಾಕಲು ಕೂತಳು.

ಗಾಳಿ ಬೆನ್ನಿಗಿತ್ತು. ಎರಡೂ ನಿಲ್ದಾಣಗಳಲ್ಲಿ ಆಕಾಶ ಸ್ವಚ್ಛ. ಭೂಗೋಳದ ಮೇಲಿನ ಕೆಂಪು ದಾರಕ್ಕಿಂತ ಇನ್ನೂರೈವತ್ತು ಕಿಲೋಮೀಟರ್ ಉದ್ದದ ದಾರಿ ಆರಿಸಿದಳು. ಅಲ್ಲಿ ಗಾಳಿ ಜೋರಾಗಿತ್ತು, ಸುತ್ತಿ ಬಂದರೂ ಬೇಗ ಮುಟ್ಟುತ್ತದೆ. ಹದಿಮೂರು ಗಂಟೆ ಐವತ್ತು ನಿಮಿಷ. ಇಲ್ಲಿನ ಗಡಿಯಾರದ ಲೆಕ್ಕದಲ್ಲಿ ಸಂಜೆ ಐದೂ ಐದಕ್ಕೆ ನೆಲ ಬಿಟ್ಟರೆ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಇದ್ದಾಗ ಇಲ್ಲಿ. ಸಾವಿರ ಸಲ ಮಾಡಿದ ಕೆಲಸ. ಎಲ್ಲವನ್ನೂ ಎರಡು ಸಲ ನೋಡಿದಳು. ಮೂರನೇ ಸಲವೂ ನೋಡಿದಳು, ಮೂರನೇ ಸಲ ನೋಡುವ ಅಭ್ಯಾಸ ಅವಳಿಗಿರಲಿಲ್ಲ.

ಕಿಟಕಿಯಾಚೆ ಯಾವುದೋ ಪುಟ್ಟ ವಿಮಾನ ಇಳಿದು ಹೊಗೆ ಎಬ್ಬಿಸಿತು. ಚಕ್ರ ನೆಲ ಮುಟ್ಟುವ ಆ ಕ್ಷಣವನ್ನು ಅವಳು ಯಾವತ್ತೂ ಅಂಕಿಯಾಗಿ ನೋಡಿದ್ದಳೇ ಹೊರತು ಅದರೊಳಗೆ ಒಬ್ಬರು ಕೂತಿರುತ್ತಾರೆ ಎಂದು ನೋಡಿರಲಿಲ್ಲ. ಮಂಜಿನಲ್ಲಿ ಸುತ್ತು ಹೊಡೆದ ಹದಿನೆಂಟು ನಿಮಿಷ ನೆನಪಾಯಿತು. ಮುನ್ಸೂಚನೆಯಲ್ಲಿ ಮಂಜಿಲ್ಲ ಎಂದು ಅವಳಿಗೆ ಗೊತ್ತು. ಗೊತ್ತಿದ್ದೂ ಹೆಚ್ಚುವರಿ ಇಂಧನದ ಜಾಗದಲ್ಲಿ ಎರಡು ಸಾವಿರ ಕಿಲೋ ಎಂದು ಬರೆದಳು. ಇಪ್ಪತ್ತು ನಿಮಿಷ. ಪಕ್ಕದಲ್ಲಿ ಕಾರಣ ಬರೆಯುವ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟು ಕಳಿಸಿದಳು.

ಅರ್ಧ ಗಂಟೆಯಲ್ಲಿ ಆ ಕಡೆಯಿಂದ ಕ್ಯಾಪ್ಟನ್ ಫೋನು ಮಾಡಿದರು. ಮೂವತ್ತು ವರ್ಷ ಹಾರಿಸಿದವರು, ಅವಳ ಮೂರು ವರ್ಷದ ಜಗಳವನ್ನು ಬಲ್ಲವರು.

"ಏನಮ್ಮಾ ನಿಮಿಷಮ್ಮ, ಇವತ್ತು ಕಾಗೆ ಬೆಳ್ಳಗಾಗಿದೆಯಾ? ನಿನ್ನ ಪ್ಲ್ಯಾನಲ್ಲಿ ಹೆಚ್ಚುವರಿ ಇಂಧನ?"

ಅವರು ಎರಡೂ ಕಡೆಯ ಹವಾಮಾನ ಓದಿದರು. ರನ್‌ವೇ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ, ಹೆಚ್ಚಿಗೆ ಕೊಟ್ಟರೆ ನನಗೆ ಬೇಡವಾ, ಆದರೆ ಕಾರಣ ಇಲ್ಲದೆ ಸಹಿ ಹಾಕೋಕೆ ಆಗಲ್ಲ, ನಿನಗೆ ಹೇಳಿಕೊಡಬೇಕಾ ಎಂದರು. ಹೇಳಿಕೊಡಬೇಕಾಗಿರಲಿಲ್ಲ. ಕಾರಣವಿಲ್ಲದ ಇಂಧನವನ್ನು ಮೂರು ವರ್ಷ ಹೊಡೆದುಹಾಕಿದವಳು ಅವಳೇ.

ಕರ್ಸರ್ ಖಾಲಿ ಕಾಲಮಿನಲ್ಲಿ ಮಿಣುಕುತ್ತಿತ್ತು. ಎರಡು ಸಾವಿರವನ್ನು ಅಳಿಸಿ ಸೊನ್ನೆ ಹಾಕಿದರೆ ಮುಗಿಯಿತು. 'ಮಂಜಿನ ಸಾಧ್ಯತೆ' ಎಂದು ಬರೆದರೂ ಮುಗಿಯಿತು, ಯಾರೂ ಕೇಳುವುದಿಲ್ಲ. ಆದರೆ ಪ್ಲ್ಯಾನಿನಲ್ಲಿ ಸುಳ್ಳು ಬರೆಯುವವಳಲ್ಲ ಅವಳು. ನಿಜ ಬರೆದರೆ ಎರಡೂ ಆಫೀಸಿನ ಹದಿನೆಂಟು ಜನ ಓದುತ್ತಾರೆ, ಕಡತದಲ್ಲಿ ಮೂರು ತಿಂಗಳು ಕೂತಿರುತ್ತದೆ. ನಾಳೆ ಬೆಳಿಗ್ಗೆ ಪಕ್ಕದ ಮೇಜಿನವರ ನಗು ಈಗಲೇ ಕೇಳಿಸಿತು.

ಕೇಳಿಸಲಿ ಅನಿಸಿತು. ಬೆನ್ನು ಮತ್ತೆ ನೆಟ್ಟಗಾಯಿತು. ಈ ಸಲ ನೆಟ್ಟಗಾದ ಬಗೆಯೇ ಬೇರೆ.

ಮನೆಮಾತಿನಲ್ಲೇ ಬರೆದಳು: ಬರುತ್ತಿರುವವರು ನನಗೆ ಬೇಕಾದವರು. ಕೆಳಗೆ ತನ್ನ ಸಹಿ, ವೇಳೆ.

ಕ್ಯಾಪ್ಟನ್ ಓದಿದ್ದು ಅವರ ಉಸಿರಿನಲ್ಲಿ ತಿಳಿಯಿತು.

"ಇಂಥ ಕಾರಣ ನನ್ನ ಸರ್ವೀಸಲ್ಲಿ ಮೊದಲನೇ ಸಲ ಓದ್ತಿರೋದು," ಎಂದರು ಕೊನೆಗೆ. "ಸಹಿ ಹಾಕ್ತೀನಿ ಮಗಳೇ. ಜೋಪಾನವಾಗಿ ಕರ್ಕೊಂಡು ಬರ್ತೀನಿ."

ಮರುದಿನ ಏಳೂವರೆಗೆ ಅವಳು ಆಗಮನದ ಬಾಗಿಲ ಮುಂದಿನ ಕಂಬಿ ಹಿಡಿದು ನಿಂತಿದ್ದಳು. ಅಮ್ಮ ಹೊಲಿದ ನೀಲಿ ಅಂಗಿ, ಬಿಗಿದು ಕಟ್ಟಿದ ಕೂದಲು. ಮುಖ ಗೊತ್ತಿಲ್ಲದವರನ್ನು ಹೇಗೆ ಗುರುತಿಸುವುದು ಎಂದು ಈಗ ಚಿಂತೆಯಾಯಿತು. ಹೆಸರು ಬರೆದ ಹಲಗೆ ಹಿಡಿದು ನಿಲ್ಲುವ ಹೆಣ್ಣಲ್ಲ ಅವಳು.

ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹೊರಗೆ ಬಂದವರೆಲ್ಲ ಗುಂಪಿನಲ್ಲಿ ತಮ್ಮವರ ಮುಖ ಹುಡುಕಿದರು. ಒಬ್ಬ ಮಾತ್ರ ಮೊದಲು ಗೋಡೆಯ ಗಡಿಯಾರ ನೋಡಿದ. ನಿಂತು, ಕೈಗಡಿಯಾರದ ಮುಳ್ಳು ತಿರುಗಿಸಿ ಇಲ್ಲಿನ ಹೊತ್ತಿಗೆ ಸರಿಮಾಡಿಕೊಂಡ. ಆಮೇಲೆ ತಲೆಯೆತ್ತಿದ. ಕಂಬಿಯ ಉದ್ದಕ್ಕೂ ಇದ್ದ ಮುಖಗಳಲ್ಲಿ ಅವನ ಕೈಗಡಿಯಾರವನ್ನೇ ನೋಡುತ್ತಿದ್ದ ಒಬ್ಬಳನ್ನು ಕಂಡ.

ದನಿ ಕೇಳಿ ಎತ್ತರದ ಆಳೆಂದುಕೊಂಡಿದ್ದಳು. ಅವಳಿಗಿಂತ ಎರಡು ಬೆರಳು ಗಿಡ್ಡವೇ ಇದ್ದ. ಕಿವಿಯ ಬಳಿ ನರೆ. ಕಣ್ಣು ಮಾತ್ರ ಫೋನಿನಲ್ಲಿ ನಕ್ಕ ಆ ನಗುವಿನದ್ದೇ, ಬಾಯಿ ಮುಚ್ಚಿಕೊಂಡರೂ ಸೋರುವ ನಗು.

"ಹದಿಮೂರು ಗಂಟೆ ನಲವತ್ತೊಂಬತ್ತು," ಅಂದ. "ಒಂದು ನಿಮಿಷ ತಪ್ಪಿದೀರಿ."

"ಇಳಿದ ಮೇಲೆ ಬಾಗಿಲಿಗೆ ಬರೋಕೆ ಮುಕ್ಕಾಲು ಗಂಟೆ ಮಾಡಿದೋರು ನನ್ನ ಒಂದು ನಿಮಿಷ ಎಣಿಸ್ತೀರಾ?"

"ಪೆಟ್ಟಿಗೆಗೆ ಕಾಯ್ತಿದ್ದೆ. ಬರಲಿಲ್ಲ."

ಆಗ ನೋಡಿದಳು. ಅವನ ಕೈಯಲ್ಲಿ ಒಂದು ಮಡಿಸಿದ ಕಾಗದ ಬಿಟ್ಟರೆ ಏನೂ ಇರಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟರಲ್ಲಿ ಅವಳಿಗೆಲ್ಲ ಅರ್ಥವಾಯಿತು, ಅರ್ಥವಾದಂತೆ ಕಿವಿ ಬಿಸಿಯಾಯಿತು. ನಿನ್ನೆ ಆ ಕಡೆ ಸೆಕೆ. ಸೆಕೆಯಲ್ಲಿ ವಿಮಾನ ಎತ್ತುವ ಭಾರಕ್ಕೆ ಮಿತಿ ಇರುತ್ತದೆ. ಎರಡು ಸಾವಿರ ಕಿಲೋ ಇಂಧನ ಒಳಗೆ ಹೋದರೆ ಅಷ್ಟೇ ತೂಕದ ಸಾಮಾನು ಕೆಳಗಿಳಿಯಬೇಕು. ಇಳಿಸುವಾಗ ಮೊದಲು ಇಳಿಯುವುದು ಸಿಬ್ಬಂದಿಯ ಟಿಕೆಟ್ಟಿನಲ್ಲಿ ಬರುವವರ ಪೆಟ್ಟಿಗೆ. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುವ ಮೊದಲ ಪಾಠ ಇದು. ಒಬ್ಬನಿಗೋಸ್ಕರ ಇಪ್ಪತ್ತು ನಿಮಿಷ ಸೇರಿಸಿ, ಅವನ ಪೆಟ್ಟಿಗೆಯನ್ನೇ ಹದಿಮೂರು ಸಾವಿರ ಕಿಲೋಮೀಟರ್ ಹಿಂದೆ ಬಿಟ್ಟುಬಂದಿದ್ದಳು.

ಅವನು ಕಾಗದ ಬಿಚ್ಚಿದ. ಅವಳದೇ ಪ್ಲ್ಯಾನಿನ ಕೊನೆಯ ಹಾಳೆ. ಕ್ಯಾಪ್ಟನ್ ಇಳಿಯುವಾಗ ಕೈಗೆ ಕೊಟ್ಟು ಏನೂ ಹೇಳದೆ ಹೋದರಂತೆ.

"ಇದು ಕ್ಯಾಪ್ಟನ್‌ಗೆ ಬರೆದ ಕಾರಣ," ಅಂದ. ದನಿಯಲ್ಲಿ ಕೀಟಲೆ ಇರಲಿಲ್ಲ. "ನನಗೆ?"

ಸುತ್ತ ಜನ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಯಾರದೋ ಮಗು ಅಳುತ್ತಿತ್ತು. ಅವಳು ಕಂಬಿ ಬಿಟ್ಟು, ಎರಡೂ ಕೈ ಪಕ್ಕಕ್ಕಿಳಿಸಿ, ತಲೆ ತಗ್ಗಿಸದೆ, ಅವನ ಕಣ್ಣಿಗೆ ನೇರ ನೋಡಿದಳು.

"ಇಲ್ಲಿಗೆ ಬಂದುಬಿಡಿ. ನಾನು ಕೇಳಿಕೊಳ್ತಿದೀನಿ."

ಹೇಳಿದ ಮೇಲೆ ಕುಗ್ಗಿಹೋಗುತ್ತೇನೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಪ್ಲ್ಯಾನ್ ಸರಿಯಾಗಿ ಬಂದ ದಿನ ಕಿಟಕಿಯ ಮುಂದೆ ನಿಂತು ಚಕ್ರ ನೆಲ ಮುಟ್ಟುವುದನ್ನು ನೋಡುವಾಗ ಎದೆಯಲ್ಲಿ ಏನು ಏಳುತ್ತಿತ್ತೋ ಅದೇ ಎದ್ದಿತು.

ಅವನು ಏನೋ ಹೇಳಲು ಹೋಗಿ ನಿಲ್ಲಿಸಿದ. ಆ ಮೌನ ಅವಳಿಗೆ ಪರಿಚಯದ್ದು. ಈಗ ಅದಕ್ಕೊಂದು ಮುಖವಿತ್ತು.

"ಅರ್ಜಿ ಬರೆದಾಗಿದೆ," ಅಂದ ಆಮೇಲೆ. "ಹತ್ತು ದಿನ ಆಯ್ತು. ನಮ್ಮ ಸಾಹೇಬರ ರುಜುನೂ ಆಗಿದೆ. ನೀವು ಕೇಳೋವರೆಗೂ ಹೊರಗೆ ತೆಗೀಬಾರದು ಅಂತಿದ್ದೆ."

"ಎಲ್ಲಿದೆ?"

"ಪೆಟ್ಟಿಗೇಲಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅವಳು. ಮೂರು ವರ್ಷದಲ್ಲಿ ಫೋನಿನ ಮೇಲೆ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಕರೆಯದ ಮನೆಗೆ ಹೋಗೋನಲ್ಲ ಅಂದವರು ಅರ್ಜಿ ಹೊತ್ತುಕೊಂಡು ಬಂದಿದೀರಲ್ಲ ಎಂದು ಕೇಳಿದಳು. ಬಾಗಿಲವರೆಗೆ ಬಂದು ಕರೀತಾರೇನೋ ಅಂತ ನಿಲ್ಲೋದಕ್ಕೆ ಹೋಗೋದು ಅನ್ನಲ್ಲ ಎಂದು ಅವನು ಸಮಜಾಯಿಷಿ ಕೊಟ್ಟ.

ಮನೆಗೆ ಕರೆದುಕೊಂಡು ಹೋದಳು. ಅಮ್ಮ ಮಿಷನ್ನಿನ ಹಿಂದಿನಿಂದ ಎದ್ದು ಬಂದು, ಮೊದಲು ಅವನ ಖಾಲಿ ಕೈ, ಆಮೇಲೆ ಹದಿನಾಲ್ಕು ಗಂಟೆ ಕೂತು ಮುದುಡಿದ ಅಂಗಿ, ಆಮೇಲೆ ಮುಖ ನೋಡಿದಳು. ಪೆಟ್ಟಿಗೆಯ ಕಥೆ ಕೇಳಿ, ನನ್ನ ಮಗಳು ಜನ್ಮದಲ್ಲಿ ಒಂದೇ ತಪ್ಪು ಮಾಡಿರೋದು, ಅದೂ ಎರಡು ಸಾವಿರ ಕಿಲೋದ್ದು ಎಂದು ಹೆಮ್ಮೆಯಿಂದಲೇ ಹೇಳಿದಳು. ಅವನನ್ನು ಭೂಗೋಳದ ಮುಂದೆ ನಿಲ್ಲಿಸಿ ಕೆಂಪು ದಾರ ತೋರಿಸಿದಳು. ಅವನು ದಾರದ ಆ ಕಡೆಯ ಸೂಜಿಯನ್ನು ಬೆರಳಲ್ಲಿ ಮುಟ್ಟಿ ನೋಡಿದ.

ಮಗಳು ಅಷ್ಟರಲ್ಲಿ ಕೆಲಸಕ್ಕೆ ಹೊರಟಿದ್ದಳು. ಪೆಟ್ಟಿಗೆ ಇವತ್ತಿನ ವಿಮಾನ ಹತ್ತಿದರೆ ನಾಳೆ ಬೆಳಿಗ್ಗೆ ಇಲ್ಲಿರುತ್ತದೆ, ಸೋಮವಾರಕ್ಕೆ ಒಂದು ದಿನ ಉಳಿಯುತ್ತದೆ. ಪ್ಲ್ಯಾನ್ ಹಾಕಲು ಆ ಕಡೆ ಅವನಿಲ್ಲ, ಅದೂ ಅವಳದ್ದೇ ಕೆಲಸ. ಒಂದು ಹನಿಯೂ ಹೆಚ್ಚಿಗೆ ಇರುವುದಿಲ್ಲ.

"ಗಾಳಿ ಹೇಗಿದೆ?" ಎಂದು ಅವನು ಒಳಗಿನಿಂದ ಕೇಳಿದ.

"ಬೆನ್ನಿಗಿದೆ. ಹದಿಮೂರು ನಲವತ್ತೈದು."

ಅಮ್ಮ ಕೊರಳಿನಿಂದ ಟೇಪು ಇಳಿಸಿ ಅವನ ಭುಜಕ್ಕೆ ಹಿಡಿದಳು. ತೋಳು, ಎದೆ, ಕತ್ತು. ಸಂಜೆಯೊಳಗೆ ಒಂದು ಅಂಗಿ ಹೊಲಿದುಕೊಡುತ್ತೇನೆ ಎಂದಳು. ಬಟ್ಟೆ ಹಾಸಿ, ಸೀಮೆಸುಣ್ಣ ಕೈಗೆತ್ತಿಕೊಂಡು, ಗೀರು ಎಳೆಯುವ ಮೊದಲು ತಲೆಯೆತ್ತಿ ಹೊಸ್ತಿಲ ಮೇಲಿದ್ದ ಮಗಳನ್ನು ನೋಡಿದಳು.

"ನಾಲ್ಕು ದಿನಕ್ಕಾದ್ರೆ ಹೀಗೇ ಕತ್ತರಿಸ್ತೀನಿ. ಬಹಳ ದಿನಕ್ಕಾದ್ರೆ ಒಳಗೆ ಅಂಚು ಬಿಡಬೇಕು. ಎಷ್ಟು ಬಿಡಲಿ?"

ಅವನು ಟೇಪಿನೊಳಗೆ ಕೈ ಎತ್ತಿಕೊಂಡು ನಿಂತಲ್ಲೇ ನಿಂತಿದ್ದ. ಅವಳು ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಅವನ ಕಡೆ ಒಮ್ಮೆ ನೋಡಿದಳು.

"ಜಾಸ್ತೀನೇ ಬಿಡಮ್ಮ," ಎಂದಳು, ಬೀದಿಗೆ ಕೇಳಿಸುವ ಹಾಗೆ.